ಬೆತ್ತ ಕಿತ್ತುಕೊಂಡೆವು, ಮೇಷ್ಟ್ರ ಕೈಗೆ ಬದಲಿಗೇನು ಕೊಟ್ಟೆವು?

2021ರ ಡಿಸೆಂಬರ್‌ನಲ್ಲಿ ಹರಿದಾಡಿದ ಆ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ದಾವಣಗೆರೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹಿಂದಿ ಪಾಠ ಮಾಡುತ್ತಿದ್ದ ಹಿರಿಯ ಶಿಕ್ಷಕರ ತಲೆಯ ಮೇಲೆ ಹುಡುಗರು ಬಕೆಟ್ ಕವುಚುತ್ತಾರೆ. ಒಬ್ಬ ಕೀಟಲೆ ಮಾಡ್ತಾನೆ, ಇನ್ನೊಬ್ಬ ಅದನ್ನೆಲ್ಲ ಶೂಟ್ ಮಾಡ್ತಾನೆ, ಉಳಿದವರು ನಗ್ತಾರೆ. ಎರಡು ದಿನ ರಾಜ್ಯವೆಲ್ಲ ಅದೇ ಮಾತು. "ಮೇಷ್ಟ್ರ ಕೈಗೆ ವಾಪಸ್ ಬೆತ್ತ ಕೊಡಿ, ಎಲ್ಲ ಸರಿಹೋಗುತ್ತೆ" ಅಂತ ಒಂದು ಗುಂಪು. "ಕ್ಲಾಸ್ ಹಿಡಿತಕ್ಕೆ ತಗೊಳ್ಳೋಕೆ ಬರದವರು ಯಾಕೆ ಮೇಷ್ಟ್ರಾಗಬೇಕು?" ಅಂತ ಇನ್ನೊಂದು ಗುಂಪು. ಮೂರನೇ ದಿನ ಎಲ್ಲರೂ ಬೇರೆ ವಿಡಿಯೋ ನೋಡೋಕೆ ಹೋದರು.

ಆ ಮಕ್ಕಳಿಗೆ ಅದಕ್ಕೂ ಹಿಂದಿನ ಒಂದೂವರೆ ವರ್ಷ ಕೋವಿಡ್‌ನಿಂದಾಗಿ ಶಾಲೆ ಸರಿಯಾಗಿ ನಡೆದೇ ಇರಲಿಲ್ಲ ಅನ್ನೋದು ಚರ್ಚೆಯಾಗಲಿಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೂ ಬರಲಿಲ್ಲ. ಬೆಳಗ್ಗೆ ಹನ್ನೊಂದೂವರೆಗೆ, ಐವತ್ತು ಮಕ್ಕಳ ಮುಂದೆ ಒಬ್ಬರೇ ನಿಂತಿರುವಾಗ ಹಿಂದಿನ ಬೆಂಚಿನಿಂದ ಯಾರೋ ಸೀಟಿ ಹೊಡೆದರೆ, ಆ ಕ್ಷಣದಲ್ಲಿ ಒಬ್ಬ ಶಿಕ್ಷಕಿ ಏನು ಮಾಡಬೇಕು? ಏನು ಮಾಡಬಾರದು ಅಂತ ಕಾನೂನು ಹೇಳಿದೆ. ಏನು ಮಾಡಬೇಕು ಅನ್ನೋದನ್ನ ಹೇಳಿಕೊಟ್ಟವರು ಕಡಿಮೆ.

ಶಿಕ್ಷಣದ ಬಗ್ಗೆ ವರದಿ ಮಾಡೋಕೆ ಶುರು ಮಾಡಿದಾಗಿನಿಂದ ನಾನು ಭೇಟಿಯಾದ ಶಿಕ್ಷಕರಿಗೆಲ್ಲ ಈ ಪ್ರಶ್ನೆ ಕೇಳುತ್ತಾ ಬಂದಿದ್ದೇನೆ. ಬಹಳಷ್ಟು ಜನ ಮೊದಲು ನಗ್ತಾರೆ, ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿ ಮಾತಾಡ್ತಾರೆ. ತಮ್ಮ ಕ್ಲಾಸ್ ಗಲಾಟೆ ಅಂತ ಒಪ್ಪಿಕೊಳ್ಳೋದು ಈ ವೃತ್ತಿಯಲ್ಲಿ ಅವಮಾನದ ವಿಷಯ. ಹಾಗಾಗಿ ಪಕ್ಕದ ಕೋಣೆಯ ಸಹೋದ್ಯೋಗಿಗೂ ಹೇಳದೆ ಎಷ್ಟೋ ಜನ ಒಬ್ಬೊಬ್ಬರೇ ಒದ್ದಾಡ್ತಿದ್ದಾರೆ.

ಕಾನೂನು ಹೇಳೋದೇನು?

ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ, ಜಾರಿಯಾಗಿದ್ದು 2010ರ ಏಪ್ರಿಲ್ 1ರಂದು. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಶಿಸ್ತುಕ್ರಮ. ಎಂಟನೇ ತರಗತಿ ದಾಟಿದ ಮಕ್ಕಳಿಗೆ ಈ ಕಾಯ್ದೆ ಅನ್ವಯಿಸಲ್ಲ, ಆದರೆ ಹಾಗಂತ ಒಂಬತ್ತು-ಹತ್ತರ ಮಕ್ಕಳನ್ನ ಹೊಡೀಬಹುದು ಅಂತ ಅರ್ಥ ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ವರ್ಷದೊಳಗಿನ ಎಲ್ಲ ಮಕ್ಕಳನ್ನೂ ಕ್ರೌರ್ಯದಿಂದ ಕಾಯುತ್ತದೆ, ಅದರಲ್ಲಿ ಜೈಲು ಶಿಕ್ಷೆಗೂ ಅವಕಾಶ ಇದೆ.

"ಹೊಡೆಯೋದು ಬಿಟ್ಟಿದ್ದೀವಿ, ಬೆಂಚಿನ ಮೇಲೆ ನಿಲ್ಲಿಸ್ತೀವಿ ಅಷ್ಟೇ" ಅನ್ನುವವರಿದ್ದಾರೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿಯಲ್ಲಿ ಅದೂ ಶಿಕ್ಷೆಯ ಪಟ್ಟಿಯಲ್ಲೇ ಇದೆ. ಮಂಡಿಯೂರಿಸೋದು, ಕುರ್ಚಿ ಹಾಗೆ ಗೋಡೆಗೆ ಒರಗಿ ಕೂರಿಸೋದು, ಚೀಲ ತಲೆ ಮೇಲೆ ಹೊರಿಸೋದು, ಅಡ್ಡಹೆಸರು ಕರೆಯೋದು, ಅಪ್ಪನ ಕಸುಬು ಅಥವಾ ಜಾತಿ ಹಿಡಿದು ಹೀಯಾಳಿಸೋದು ಎಲ್ಲವೂ ಅಲ್ಲಿವೆ. "ಟಿಸಿ ಕೊಟ್ಟು ಕಳಿಸ್ತೀನಿ" ಅನ್ನೋ ಬೆದರಿಕೆಗೂ ಎಂಟನೇ ತರಗತಿವರೆಗೆ ಕಾನೂನಿನ ಬಲ ಇಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ ಮಗುವನ್ನು ಶಾಲೆಯಿಂದ ಹೊರಹಾಕೋದನ್ನ ತಡೆಯುತ್ತದೆ.

ಈ ಕಾನೂನು ಬಂದಿದ್ದು ಸರಿ ಅಂತಲೇ ನಾನು ನಂಬಿದ್ದೇನೆ. ನನ್ನ ತಕರಾರು ಇರೋದು ಅದರ ನಂತರದ ಖಾಲಿ ಜಾಗದ ಬಗ್ಗೆ. ತಲೆಮಾರುಗಳಿಂದ ಕೈಯಲ್ಲಿದ್ದ ಒಂದು ಉಪಕರಣವನ್ನು, ಅದು ಕೆಟ್ಟದ್ದೇ ಆಗಿದ್ದರೂ, ಒಂದು ಆದೇಶದಲ್ಲಿ ಕಿತ್ತುಕೊಂಡ ಸರ್ಕಾರ ಬದಲಿ ಉಪಕರಣ ಕೊಡಬೇಕಿತ್ತು. ಕೊಟ್ಟಿದ್ದು ಬಹುತೇಕ ಸುತ್ತೋಲೆಗಳನ್ನ.

ಮೈಕ್ ಕೂಗಿದಾಗ ವಾಲ್ಯೂಮ್ ಏರಿಸಬಾರದು

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿತಿದ್ದರಲ್ಲಿ ಈಗಲೂ ನೆನಪಿರೋದು ಫೀಡ್‌ಬ್ಯಾಕ್ ಅನ್ನೋ ಪಾಠ. ಅದನ್ನ ನೀವೂ ನೋಡಿದ್ದೀರಿ. ಗಣೇಶನ ಪೆಂಡಾಲಿನಲ್ಲಿ ಮೈಕ್ ಹಿಡಿದವರು ಸ್ಪೀಕರ್ ಹತ್ತಿರ ಹೋದರೆ "ಕುಂಯ್" ಅಂತ ಕಿವಿ ಹರಿಯೋ ಸದ್ದು ಬರುತ್ತಲ್ಲ, ಅದೇ. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ನುಗ್ಗುತ್ತದೆ, ಇನ್ನಷ್ಟು ದೊಡ್ಡದಾಗಿ ಹೊರಬರುತ್ತದೆ, ಮತ್ತೆ ನುಗ್ಗುತ್ತದೆ. ಆಗ ವಾಲ್ಯೂಮ್ ಏರಿಸಿದರೆ ಕೂಗು ಹೆಚ್ಚಾಗುತ್ತೆ. ಸೌಂಡ್ ಸಿಸ್ಟಂನ ಹುಡುಗ ಓಡಿ ಬಂದು ಮೈಕನ್ನ ಸ್ಪೀಕರ್‌ನಿಂದ ದೂರ ಸರಿಸ್ತಾನೆ.

ಕ್ಲಾಸಿನಲ್ಲೂ ನಡೆಯೋದು ಇದೇ. ಮಕ್ಕಳು ಗದ್ದಲ ಮಾಡ್ತಾರೆ, ಮೇಷ್ಟ್ರು ದನಿ ಏರಿಸ್ತಾರೆ. ಆ ದನಿಯ ಮೇಲೆ ತಮ್ಮ ಮಾತು ಪಕ್ಕದವನಿಗೆ ಕೇಳಲಿ ಅಂತ ಮಕ್ಕಳೂ ದನಿ ಏರಿಸ್ತಾರೆ. ಹತ್ತು ನಿಮಿಷದಲ್ಲಿ ಮೇಷ್ಟ್ರ ಗಂಟಲು ಒಣಗಿರುತ್ತೆ.

1968ರಲ್ಲಿ ಅಮೆರಿಕದಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನ ಇದನ್ನ ಚೆನ್ನಾಗಿ ತೋರಿಸಿತು. ಎದ್ದು ಓಡಾಡೋ ಮಕ್ಕಳಿಗೆ "ಕೂತ್ಕೊ" ಅಂತ ಹೆಚ್ಚು ಹೆಚ್ಚು ಸಲ ಹೇಳುವಂತೆ ಶಿಕ್ಷಕರಿಗೆ ತಿಳಿಸಲಾಯಿತು. ಪ್ರತಿ ಸಲ ಹೇಳಿದಾಗ ಆ ಮಗು ಕೂರುತ್ತಿತ್ತು. ಆದರೆ ಒಟ್ಟಾರೆ ಎದ್ದು ನಿಲ್ಲುವ ಮಕ್ಕಳ ಸಂಖ್ಯೆ ಏರಿತು. ಕೂತು ಕೆಲಸ ಮಾಡ್ತಿರೋ ಮಕ್ಕಳನ್ನ ಮೆಚ್ಚಲು ಶುರು ಮಾಡಿದಾಗ ಎದ್ದು ನಿಲ್ಲೋದು ಇಳಿಯಿತು. ಬೈಗುಳವೂ ಗಮನವೇ. ದಿನವಿಡೀ ಯಾರೂ ತಿರುಗಿ ನೋಡದ ಹುಡುಗನಿಗೆ, ಇಡೀ ಕ್ಲಾಸ್ ನಿಲ್ಲಿಸಿ ಮೇಷ್ಟ್ರು ತನ್ನ ಹೆಸರು ಕೂಗಿದರೆ ಅದೊಂದು ಸಂಪಾದನೆ. ಜೊತೆಗೆ ಬೈದ ತಕ್ಷಣ ಒಂದು ನಿಮಿಷ ಸದ್ದು ನಿಲ್ಲೋದರಿಂದ ಬೈದದ್ದು ಫಲ ಕೊಟ್ಟಿತು ಅಂತ ಮೇಷ್ಟ್ರಿಗೂ ಅನ್ನಿಸುತ್ತೆ. ಇಬ್ಬರಿಗೂ ಆ ಕ್ಷಣಕ್ಕೆ ಲಾಭ. ಹಾಗಾಗಿಯೇ ಈ ಚಕ್ರ ನಿಲ್ಲೋದಿಲ್ಲ.

ಇನ್ನೊಂದು ಮುಖ್ಯವಾದ ಕೆಲಸ ಜೇಕಬ್ ಕೌನಿನ್ ಅನ್ನೋ ಅಮೆರಿಕದ ಮನೋವಿಜ್ಞಾನಿಯದ್ದು, ಪುಸ್ತಕವಾಗಿ ಬಂದಿದ್ದು 1970ರಲ್ಲಿ. ಒಳ್ಳೆ ಶಿಕ್ಷಕರು ಗಲಾಟೆ ಮಾಡುವ ಮಗುವನ್ನು ಹೇಗೆ ಗದರುತ್ತಾರೆ ಅಂತ ತಿಳಿಯಲು ಅವರು ಹೊರಟಿದ್ದರು. ತರಗತಿಗಳ ವಿಡಿಯೋ ಮಾಡಿ ನೋಡಿದರೆ, ಗದರುವ ರೀತಿಗೂ ಕ್ಲಾಸ್ ಹಿಡಿತಕ್ಕೂ ಸಂಬಂಧವೇ ಸಿಗಲಿಲ್ಲ. ವ್ಯತ್ಯಾಸ ಇದ್ದಿದ್ದು ಗಲಾಟೆ ಹುಟ್ಟುವ ಮುಂಚಿನ ನಿಮಿಷಗಳಲ್ಲಿ. ಬೋರ್ಡಿನ ಮೇಲೆ ಬರೆಯುತ್ತಲೇ ಹಿಂದಿನ ಸಾಲಿನಲ್ಲಿ ಏನಾಗ್ತಿದೆ ಅಂತ ಗೊತ್ತಿರೋದು, ಒಬ್ಬರ ಸಂಶಯ ಬಗೆಹರಿಸುತ್ತಲೇ ಇನ್ನೊಬ್ಬರ ಕಡೆ ಕಣ್ಣಿಡೋದು, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ದಾಟುವಾಗ ಸಮಯ ಪೋಲಾಗದ ಹಾಗೆ ನೋಡಿಕೊಳ್ಳೋದು. "ನಮ್ಮ ಟೀಚರ್‌ಗೆ ಬೆನ್ನಲ್ಲೂ ಕಣ್ಣಿದೆ" ಅಂತ ಮಕ್ಕಳು ಹೇಳ್ತಾರಲ್ಲ, ಕೌನಿನ್ ಅಳೆದು ತೋರಿಸಿದ್ದು ಅದನ್ನೇ. ಇದು ಕೆಲವರಿಗೆ ಹುಟ್ಟಿನಿಂದ ಬಂದ ಗತ್ತು ಅಂತ ನಾವು ಅಂದ್ಕೊಂಡಿದ್ದೀವಿ. ಬಿಡಿಸಿ ನೋಡಿದರೆ ಅಭ್ಯಾಸದಿಂದ ಬರುವ ಕೌಶಲ.

ಗಲಾಟೆ ಎಲ್ಲಿಂದ ಬರುತ್ತೆ?

ಕೊಪ್ಪಳ ಕಡೆಯ ಒಬ್ಬ ಗಣಿತ ಮೇಷ್ಟ್ರು ನನಗೆ ಒಂದು ನೋಟ್‌ಬುಕ್ ತೋರಿಸಿದರು. ಎಂಟನೇ ಕ್ಲಾಸಿನ ಒಬ್ಬ ಹುಡುಗ ದಿನಾ ಸೀಟಿ ಹೊಡೆಯೋದು, ಮುಂದಿನವನ ಬೆನ್ನಿಗೆ ಪೆನ್ನು ಚುಚ್ಚೋದು. ಬೈದಾಯ್ತು, ಹೊರಗೆ ನಿಲ್ಲಿಸಾಯ್ತು, ಅಪ್ಪನ್ನ ಕರೆಸಾಯ್ತು. ಕೊನೆಗೆ ಅವರು ಎರಡು ವಾರ ನಾಲ್ಕು ಕಾಲಂ ಎಳೆದು ಬರೆದಿಟ್ಟರು: ಎಷ್ಟು ಹೊತ್ತಿಗೆ ಆಯ್ತು, ಅದಕ್ಕೆ ಸ್ವಲ್ಪ ಮುಂಚೆ ಕ್ಲಾಸಿನಲ್ಲಿ ಏನು ನಡೀತಿತ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು. ಯಂತ್ರ ಕೆಟ್ಟಾಗ ನಾವು ಲಾಗ್ ನೋಡುವ ಹಾಗೆ.

ಎರಡನೇ ಕಾಲಂ ಎಲ್ಲವನ್ನೂ ಹೇಳಿತು. ಲೆಕ್ಕವನ್ನ ಬೋರ್ಡಿನ ಮೇಲೆ ಮಾಡುವಾಗ ಹುಡುಗ ಸುಮ್ಮನಿರ್ತಿದ್ದ. "ಪುಸ್ತಕ ತೆಗೀರಿ, ಒಬ್ಬೊಬ್ಬರೇ ಪ್ರಶ್ನೆ ಓದ್ರಿ" ಅಂದ ಕೂಡಲೇ ಸೀಟಿ. ಸೀಟಿ ಹೊಡೆದರೆ ಹೊರಗೆ ಕಳಿಸ್ತಾರೆ, ಹೊರಗೆ ಹೋದರೆ ಓದೋ ಸರದಿ ತಪ್ಪುತ್ತೆ. ಒಂದು ಸಂಜೆ ಒಬ್ಬನನ್ನೇ ಕೂರಿಸಿಕೊಂಡು ಕೇಳಿದಾಗ ಹುಡುಗ ಹೇಳಿದ್ದಿಷ್ಟು: "ನನಗ ಓದಾಕ ಬರಂಗಿಲ್ರೀ ಸರ. ಎಲ್ಲಾರೂ ನಗ್ತಾರ."

ಆ ಹುಡುಗನಿಗೆ "ದಡ್ಡ" ಅನ್ನಿಸಿಕೊಳ್ಳೋದಕ್ಕಿಂತ "ಪುಂಡ" ಅನ್ನಿಸಿಕೊಳ್ಳೋದು ವಾಸಿ ಅನ್ನಿಸಿತ್ತು. ಮೇಷ್ಟ್ರು ಕೊಡ್ತಿದ್ದ ಶಿಕ್ಷೆ ಅವನಿಗೆ ಬಿಡುಗಡೆಯಾಗಿತ್ತು.

ಇವನೊಬ್ಬನ ಕತೆ ಅಂದ್ಕೋಬೇಡಿ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನ ಮನೆ ಮನೆಗೆ ಹೋಗಿ ಅಳೆಯುವ 'ಅಸರ್' ಸಮೀಕ್ಷೆಯ 2022ರ ವರದಿ ಪ್ರಕಾರ, ಎರಡನೇ ತರಗತಿ ಮಟ್ಟದ ಪಠ್ಯ ಓದಬಲ್ಲವರು ಐದನೇ ತರಗತಿಯಲ್ಲಿ 42.8%, ಎಂಟನೇ ತರಗತಿಯಲ್ಲಿ 69.6%. ಇವು ದೇಶದ ಗ್ರಾಮೀಣ ಸರಾಸರಿ. ಅಂದರೆ ಎಂಟನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 30 ಮಕ್ಕಳಿಗೆ ಎರಡನೇ ಕ್ಲಾಸಿನ ಪುಸ್ತಕ ಸರಾಗವಾಗಿ ಬರಲ್ಲ. 2024ರ ವರದಿಯಲ್ಲಿ ಐದನೇ ತರಗತಿಯ ಅಂಕಿ 48.8%ಕ್ಕೆ ಏರಿದೆ, ಒಳ್ಳೆಯದೇ. ಆದರೂ ಅರ್ಧದಷ್ಟು ಮಕ್ಕಳು ಹಿಂದೆಯೇ ಇದ್ದಾರೆ. ಗೊತ್ತಿಲ್ಲದ ಭಾಷೆಯ ಸಿನಿಮಾವನ್ನ ಸಬ್‌ಟೈಟಲ್ ಇಲ್ಲದೆ ದಿನಾ ಐದು ಗಂಟೆ, ಕೈಕಟ್ಟಿ ಕೂತು ನೋಡಿ ಅಂದರೆ ನೀವೆಷ್ಟು ದಿನ ಸುಮ್ಮನಿರ್ತೀರಿ?

ಓದು ಬಾರದಿರೋದು ಒಂದೇ ಕಾರಣ ಅಲ್ಲ. ಬೋರ್ಡ್ ಕಾಣದ ಮಗು ಪಕ್ಕದವನ ಪುಸ್ತಕಕ್ಕೆ ಇಣುಕುತ್ತೆ, ಅದು ಮಾತಾಗುತ್ತೆ, ಮಾತು ಜಗಳವಾಗುತ್ತೆ. ಕಿವಿ ಸರಿಯಾಗಿ ಕೇಳದ ಮಗು "ಹೇಳಿದ ಮಾತು ಕೇಳಲ್ಲ" ಅಂತ ಬೈಸಿಕೊಳ್ಳುತ್ತೆ. ಬೆಳಗ್ಗೆ ಹೂವು ಕಿತ್ತೋ, ಹಾಲು ಹಾಕಿಯೋ, ಪೇಪರ್ ಹಂಚಿಯೋ ಬಂದ ಹುಡುಗನಿಗೆ ಬಿಸಿಯೂಟದ ಹೊತ್ತಿನವರೆಗೂ ತಲೆ ನಿಲ್ಲಲ್ಲ. ಮನೆಯಲ್ಲಿ ಹಿಂದಿನ ರಾತ್ರಿ ಕುಡಿತ, ಹೊಡೆದಾಟ ನೋಡಿ ಬಂದ ಮಗು ಚಿಕ್ಕ ಮಾತಿಗೂ ಎಗರುತ್ತೆ. ಕಲಿಕಾ ನ್ಯೂನತೆ ಇರುವ ಮಕ್ಕಳೂ ಇರ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನೂ ಗುರುತಿಸಿದೆ.

ಯಾರನ್ನ ನಾವು ಪುಂಡ ಅಂತೀವಿ ಅನ್ನೋದನ್ನೂ ನೋಡಬೇಕು. ನಾನು ಕೂತು ನೋಡಿದ ಎಷ್ಟೋ ಕ್ಲಾಸುಗಳಲ್ಲಿ ಒಂದೇ ಕೀಟಲೆಗೆ ಎರಡು ಹೆಸರು ಕೇಳಿದ್ದೇನೆ. ಪಂಚಾಯ್ತಿ ಸದಸ್ಯರ ಮಗ ಮಾಡಿದರೆ "ತುಂಟ", ಕೇರಿಯ ಹುಡುಗ ಮಾಡಿದರೆ "ಆ ಕಡೆಯವರೇ ಹಾಗೆ". ಹಿಂದಿನ ಬೆಂಚಿನಲ್ಲಿ ಯಾವ ಓಣಿಯ ಮಕ್ಕಳು ಕೂತಿರ್ತಾರೆ ಅಂತ ಒಮ್ಮೆ ಎಣಿಸಿ ನೋಡಿ. ಇನ್ನು ಹೆಣ್ಣುಮಕ್ಕಳಲ್ಲಿ ಅರ್ಥವಾಗದ ಎಷ್ಟೋ ಮಂದಿ ಸುಮ್ಮನೆ ಕೂರ್ತಾರೆ. ಅವರು ತೊಂದರೆ ಕೊಡದ ಕಾರಣ ಯಾವ ಪಟ್ಟಿಯಲ್ಲೂ ಬರಲ್ಲ, ಕಲಿಕೆಯೂ ಆಗಲ್ಲ. ಸದ್ದಿಲ್ಲದ ಕ್ಲಾಸನ್ನೇ ಒಳ್ಳೆ ಕ್ಲಾಸ್ ಅಂತ ಇನ್ಸ್‌ಪೆಕ್ಷನ್‌ಗೆ ಬಂದವರು ಬರೆದು ಹೋಗ್ತಾರೆ.

ಹಾಗೆ ನೋಡಿದರೆ ನಮ್ಮದೇ ನಲಿಕಲಿ ಇದಕ್ಕೆ ಬೇರೆ ಪಾಠ ಹೇಳಿತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ಚಿಕ್ಕ ಮಕ್ಕಳು ಗುಂಪುಗಳಲ್ಲಿ ಕೂತು, ಕಾರ್ಡ್ ಹಿಡಿದು, ತಮ್ಮ ತಮ್ಮ ಮೆಟ್ಟಿಲಿನಿಂದ ಕಲಿತಾ ಮುಂದೆ ಹೋಗ್ತಾರೆ. ಅಲ್ಲಿ ಎದ್ದು ಓಡಾಡೋದು, ಮಾತಾಡೋದು ಪಾಠದ ಭಾಗ. ನಾಲ್ಕನೇ ಕ್ಲಾಸಿಗೆ ಬಂದ ದಿನ ಅದೇ ಮಗು ಸಾಲಾಗಿ ಕೂತು ಬಾಯಿ ಮೇಲೆ ಬೆರಳಿಡಬೇಕು. ನಿನ್ನೆಯವರೆಗೆ ಕಲಿಕೆ ಅನ್ನಿಸಿಕೊಂಡಿದ್ದು ಇವತ್ತು ಅಶಿಸ್ತು.

ಮೇಷ್ಟ್ರ ಕೈಯಲ್ಲಿ ಇರೋದು

ಹಾಗಾದರೆ ನಾಳೆ ಬೆಳಗ್ಗೆ ಕ್ಲಾಸಿಗೆ ಹೋಗೋ ಶಿಕ್ಷಕಿ ಏನು ಮಾಡಬಹುದು? ಕೌನಿನ್‌ನಂಥವರ ಅಧ್ಯಯನಗಳನ್ನೂ ನನಗೆ ಸಿಕ್ಕ ಅನುಭವಿ ಶಿಕ್ಷಕರ ಮಾತುಗಳನ್ನೂ ಪಕ್ಕಪಕ್ಕ ಇಟ್ಟರೆ ಕೆಲವು ಸಂಗತಿಗಳು ಎರಡೂ ಕಡೆ ಸಿಗ್ತವೆ.

ಮೊದಲನೆಯದು, ಮೊದಲ ಮೂರು ನಿಮಿಷ. ಹಾಜರಿ ಕರೆಯುವ ಹೊತ್ತಿನಲ್ಲಿ ಮಕ್ಕಳಿಗೆ ಕೆಲಸ ಇರಲ್ಲ, ಗದ್ದಲ ಹುಟ್ಟೋದು ಅಲ್ಲೇ. ಒಳಗೆ ಬಂದ ಕೂಡಲೇ ಬೋರ್ಡಿನ ಮೇಲೆ ಎಲ್ಲರಿಗೂ ಬರುವಂಥ ಒಂದು ಸುಲಭದ ಕೆಲಸ ಇದ್ದರೆ, ದಿನಾ ಹಾಗೇ ಇದ್ದರೆ, ಅದು ರೂಢಿಯಾಗುತ್ತೆ.

ಎರಡನೆಯದು, ತಿದ್ದೋದನ್ನ ಸಣ್ಣದಾಗಿ, ಹತ್ತಿರದಿಂದ ಮಾಡೋದು. ಕುರ್ಚಿ ಬಿಟ್ಟು ಬೆಂಚುಗಳ ನಡುವೆ ಓಡಾಡ್ತಾ ಪಾಠ ಮಾಡಿ, ಮಾತಾಡ್ತಿರೋ ಮಗುವಿನ ಪಕ್ಕ ಬಂದು ಪಾಠ ನಿಲ್ಲಿಸದೆ ಅವನ ಪುಸ್ತಕದ ಮೇಲೆ ಬೆರಳಿಟ್ಟರೆ ಅರ್ಧ ಕೆಲಸ ಮುಗಿಯಿತು. ಇಡೀ ಕ್ಲಾಸಿನ ಮುಂದೆ ಹೆಸರು ಕೂಗಿದರೆ ಹದಿಮೂರರ ಹುಡುಗನಿಗೆ ಸೋಲೋಕೆ ಆಗಲ್ಲ. ಗೆಳೆಯರು ನೋಡ್ತಿರ್ತಾರೆ.

ಮೂರನೆಯದು, ಪ್ರಶ್ನೆ ಕೇಳಿ ಕಾಯೋದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡ್ ಕಾಯ್ತಾರೆ ಅಂತ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಅಳೆದು ತೋರಿಸಿದರು. ಅದನ್ನ ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸದಾ ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಖರ್ಚಿಲ್ಲದ ಉಪಾಯ. ಆದರೆ ಪೋರ್ಷನ್ ಮುಗಿಸೋ ಅವಸರದಲ್ಲಿ ಮೊದಲು ಬಲಿಯಾಗೋದು ಇದೇ.

ನಾಲ್ಕನೆಯದು, ಇಡೀ ಕ್ಲಾಸನ್ನ ಜೊತೆಗೆ ಕರೆದುಕೊಳ್ಳೋದು. 1969ರಲ್ಲಿ ಪ್ರಕಟವಾದ ಒಂದು ಸರಳ ಆಟ ಇದೆ. ಕ್ಲಾಸನ್ನ ತಂಡಗಳಾಗಿ ಮಾಡಿ, ಸ್ವಲ್ಪ ಹೊತ್ತು ಎಲ್ಲರೂ ಒಪ್ಪಿದ ನಿಯಮ ಪಾಲಿಸಿದ ತಂಡಗಳಿಗೆಲ್ಲ ಚಿಕ್ಕ ಬಹುಮಾನ. ಐದು ನಿಮಿಷ ಮುಂಚೆ ಆಟಕ್ಕೆ ಬಿಡೋದು ಸಾಕು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1980ರ ದಶಕದಲ್ಲಿ ಒಂದನೇ ಕ್ಲಾಸಿನಲ್ಲಿ ಈ ಆಟ ಆಡಿದ ಮಕ್ಕಳನ್ನ ಸಂಶೋಧಕರು ದೊಡ್ಡವರಾಗುವವರೆಗೂ ಗಮನಿಸಿದರು. ತುಂಬಾ ಆಕ್ರಮಣಕಾರಿಯಾಗಿದ್ದ ಹುಡುಗರಲ್ಲಿ ಮುಂದೆ ಮಾದಕ ವಸ್ತುಗಳ ಸಮಸ್ಯೆ ಕಡಿಮೆ ಕಂಡಿತು. ಆದರೆ ನಮ್ಮಲ್ಲಿ ಒಂದು ಎಚ್ಚರ ಬೇಕು. ತಂಡಗಳು ಓಣಿಯ ಪ್ರಕಾರವೋ, ಮಾರ್ಕ್ಸ್ ಪ್ರಕಾರವೋ ಆದರೆ ಆಟವೇ ವಿಷವಾಗುತ್ತೆ.

ಐದನೆಯದು, ಮನೆಗೆ ಒಳ್ಳೆ ಸುದ್ದಿ ಕಳಿಸೋದು. ಎಷ್ಟೋ ಅಪ್ಪ-ಅಮ್ಮಂದಿರಿಗೆ ಶಾಲೆಯಿಂದ ಫೋನ್ ಬಂತು ಅಂದರೆ ಎದೆ ಧಸಕ್ ಅನ್ನುತ್ತೆ, ಕೂಲಿ ಬಿಟ್ಟು ಬಂದು ತಲೆ ತಗ್ಗಿಸಿ ನಿಲ್ತಾರೆ, ಸಂಜೆ ಮಗುವಿಗೆ ಬಾರಿಸ್ತಾರೆ. "ಇವತ್ತು ನಿಮ್ಮ ಹುಡುಗ ತಾನಾಗಿ ಲೆಕ್ಕ ಬಿಡಿಸಿದ" ಅಂತ ಒಂದು ಫೋನ್ ಮೊದಲೇ ಹೋಗಿದ್ದರೆ ಎರಡನೇ ಫೋನಿನ ಮಾತು ಬೇರೆ ಇರುತ್ತೆ.

ಕೊಪ್ಪಳದ ಮೇಷ್ಟ್ರೂ ಇಂಥದ್ದೇ ಮಾಡಿದರು. ನಾಳೆ ಯಾವ ಸಾಲು ಓದಿಸ್ತೀನಿ ಅಂತ ಹುಡುಗನಿಗೆ ಹಿಂದಿನ ದಿನವೇ ಗುಟ್ಟಾಗಿ ಹೇಳಿದರು. ಪ್ರಾರ್ಥನೆಗೆ ಮುಂಚೆ ಅರ್ಧ ಗಂಟೆ ಅವನನ್ನೂ ಅಂಥ ಇನ್ನೈದು ಮಕ್ಕಳನ್ನೂ ಕೂರಿಸಿಕೊಂಡು ಅಕ್ಷರದಿಂದ ಶುರು ಮಾಡಿದರು. ಪವಾಡ ಏನೂ ಆಗಿಲ್ಲ. "ಸೀಟಿ ನಿಂತಿಲ್ರೀ, ವಾರಕ್ಕ ಎರಡು ಸಲಕ್ಕ ಇಳದದ" ಅಂದರು. ಹುಡುಗ ಶಾಲೆ ಬಿಟ್ಟಿಲ್ಲ. ನನಗೆ ಅದೇ ದೊಡ್ಡದು ಅನ್ನಿಸಿತು.

ಇವೆಲ್ಲ ದಿನನಿತ್ಯದ ಗಲಾಟೆಗೆ. ಹೊಡೆದಾಟ, ಶಿಕ್ಷಕಿಯರ ಮೇಲೆ ಅಶ್ಲೀಲ ಮಾತು, ಗುಟ್ಟಾಗಿ ಮೊಬೈಲಿನಲ್ಲಿ ಶೂಟ್ ಮಾಡೋದು ಬೇರೆಯೇ ದರ್ಜೆಯವು. ಅಲ್ಲಿ ಶಿಕ್ಷಕಿ ಒಬ್ಬರೇ ನಿಭಾಯಿಸಬೇಕು ಅನ್ನೋದು ಅನ್ಯಾಯ. ಮೊದಲು ಉಳಿದ ಮಕ್ಕಳ ಸುರಕ್ಷತೆ, ಆಮೇಲೆ ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ದೂರು, ಪೋಷಕರ ಜೊತೆ ಮಾತು. ಮಗುವೇ ಮನೆಯಲ್ಲಿ ಅಪಾಯದಲ್ಲಿದೆ ಅನ್ನಿಸಿದರೆ 1098 ಸಹಾಯವಾಣಿ ಇದೆ. "ನಿನಗೆ ಕ್ಲಾಸ್ ಕಂಟ್ರೋಲ್ ಬರಲ್ಲ" ಅಂತ ದೂರು ಕೊಟ್ಟವರನ್ನೇ ಹಂಗಿಸುವ ಮುಖ್ಯ ಶಿಕ್ಷಕರು ಇರೋವರೆಗೆ ಇದ್ಯಾವುದೂ ನಡೆಯಲ್ಲ.

ಮೇಷ್ಟ್ರ ಕೈಯಲ್ಲಿ ಇಲ್ಲದ್ದು

ಇಲ್ಲಿಗೆ ನಿಲ್ಲಿಸಿದರೆ ಎಲ್ಲ ಭಾರವನ್ನೂ ಶಿಕ್ಷಕರ ತಲೆಗೇ ಕಟ್ಟಿದಂತಾಗುತ್ತೆ.

ಒಂದು ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ನಡೆಯಬೇಕು. 40 ನಿಮಿಷದ ಪೀರಿಯಡ್ಡಿನಲ್ಲಿ 8 ನಿಮಿಷ ಗದ್ದಲ ತಣಿಸೋಕೆ ಹೋಯ್ತು ಅಂದ್ಕೊಳ್ಳಿ. ಐದನೇ ಒಂದು ಭಾಗ. ವರ್ಷಕ್ಕೆ 200 ಗಂಟೆ. ಇದರಲ್ಲಿ ಅತಿ ಹೆಚ್ಚು ಕಳೆದುಕೊಳ್ಳೋದು ಟ್ಯೂಷನ್‌ಗೆ ಹೋಗಲು ಆಗದ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳು. ಅಂದರೆ ಕ್ಲಾಸಿನ ಶಿಸ್ತು ಬರೀ ಮೇಷ್ಟ್ರ ಮರ್ಯಾದೆಯ ಪ್ರಶ್ನೆಯಲ್ಲ, ಬಡ ಮಕ್ಕಳ ಹಕ್ಕಿನ ಪ್ರಶ್ನೆ.

ಅದೇ ಕಾಯ್ದೆ 6ರಿಂದ 8ಕ್ಕೆ 35 ಮಕ್ಕಳಿಗೆ ಕನಿಷ್ಠ ಒಬ್ಬ ಶಿಕ್ಷಕರು ಅಂತ ಹೇಳುತ್ತೆ. ಇಲಾಖೆಯ ಕಾಗದದಲ್ಲಿ ಸರಾಸರಿ ಲೆಕ್ಕ ಸರಿಹೋಗಬಹುದು. ಸರಾಸರಿ ಅನ್ನೋದು ಒಂದು ಕೋಣೆಯಲ್ಲಿ 60, ಇನ್ನೊಂದರಲ್ಲಿ 10 ಮಕ್ಕಳಿದ್ದರೂ 35 ಅಂತಲೇ ತೋರಿಸುತ್ತೆ. ಕಾಯಂ ಹುದ್ದೆ ಖಾಲಿ ಬಿದ್ದಿರೋ ಶಾಲೆಗಳಲ್ಲಿ ಅತಿಥಿ ಶಿಕ್ಷಕರು ಬರ್ತಾರೆ. ಮುಂದಿನ ವರ್ಷ ತಾವು ಇರ್ತೀವೋ ಇಲ್ಲವೋ ಅಂತ ಅವರಿಗೇ ಗೊತ್ತಿರಲ್ಲ. ಅದು ಮಕ್ಕಳಿಗೂ ಗೊತ್ತಿರುತ್ತೆ. ರೂಢಿ, ವಿಶ್ವಾಸ ಬೆಳೆಯೋಕೆ ಒಬ್ಬರೇ ಮುಖ ಎರಡು ವರ್ಷವಾದರೂ ಕಾಣಬೇಕು.

ಇನ್ನು ಬೋಧನೆಯೇತರ ಕೆಲಸ. 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಾಕುವಂತಿಲ್ಲ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಹೋದವರು ಬಹುತೇಕ ಇದೇ ಶಿಕ್ಷಕರು, ದಸರಾ ರಜೆಯನ್ನ ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯ್ತು. ಆ ಸಮೀಕ್ಷೆ ಬೇಕಿತ್ತು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಪ್ರತಿ ಸಲ ಅದರ ಖರ್ಚನ್ನ ಸರ್ಕಾರಿ ಶಾಲೆಯ ಮಕ್ಕಳೇ ಯಾಕೆ ಕಟ್ಟಬೇಕು?

ತರಬೇತಿ ಮಾತು ಬಿಡಿ. ಬಿ.ಎಡ್ 2015ರಿಂದ ಎರಡು ವರ್ಷದ್ದಾಗಿದೆ. ಪಾಠಯೋಜನೆ ಬರೆಯೋದನ್ನ ಪುಟಗಟ್ಟಲೆ ಕಲಿಸ್ತಾರೆ. ಅಭ್ಯಾಸ ಬೋಧನೆಯ ದಿನ ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕೂತಿರೋದರಿಂದ ಮಕ್ಕಳು ಬೆಕ್ಕಿನ ಮುಂದಿನ ಇಲಿಗಳ ಹಾಗೆ ಇರ್ತಾರೆ. ನಿಜವಾದ ಗದ್ದಲ ಎದುರಾಗೋದು ಕೆಲಸಕ್ಕೆ ಸೇರಿದ ಮೊದಲ ವಾರ, ಆಗ ಪಕ್ಕದಲ್ಲಿ ಯಾರೂ ಇರಲ್ಲ. ನಮ್ಮ ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಪೂರ್ಣಾವಧಿ ಆಪ್ತಸಮಾಲೋಚಕರೂ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗೆ ಬರುವ ವೈದ್ಯರ ತಂಡ ಮಕ್ಕಳ ಕಣ್ಣು, ಕಿವಿ ನೋಡಬೇಕು. ಅದರ ಚೀಟಿ ಕ್ಲಾಸ್ ಟೀಚರ್ ಕೈಗೆ ಸೇರಿ, ಮಗು ಮುಂದಿನ ಬೆಂಚಿಗೆ ಬಂದು, ಕನ್ನಡಕ ಸಿಗೋವರೆಗೆ ಹಿಂದೆ ಬೀಳುವವರು ಬೇಕು.

"ನಾವು ಹೊಡೆತ ತಿಂದೇ ಉದ್ಧಾರ ಆದ್ವಿ"

ಈ ಲೇಖನದ ಕೆಳಗೂ ಯಾರಾದರೂ ಇದನ್ನ ಹೇಳ್ತಾರೆ, ಗೊತ್ತು. ಹೇಳುವವರು ಪ್ರಾಮಾಣಿಕವಾಗಿಯೇ ಹೇಳ್ತಾರೆ. ಆದರೆ ಲೆಕ್ಕದಲ್ಲಿ ಒಂದು ಕೊರತೆ ಇದೆ. ಹೊಡೆತ ತಿಂದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಹಳೆ ವಿದ್ಯಾರ್ಥಿಗಳ ಗುರುವಂದನಾ ಸಮಾರಂಭಕ್ಕೆ ಬರಲ್ಲ, ಮೈಕ್ ಹಿಡಿದು ಭಾಷಣ ಮಾಡಲ್ಲ. ಅವರು ಗಾರೆ ಕೆಲಸದಲ್ಲಿ, ಗ್ಯಾರೇಜಿನಲ್ಲಿ, ಗುಳೆ ಹೋದ ಊರಿನಲ್ಲಿ ಇರ್ತಾರೆ. ಉಳಿದವರನ್ನಷ್ಟೇ ಕೇಳಿ ಬೆತ್ತಕ್ಕೆ ಮಾರ್ಕ್ಸ್ ಕೊಟ್ಟರೆ ಅದು ಫಸ್ಟ್ ಕ್ಲಾಸಿನಲ್ಲೇ ಪಾಸಾಗುತ್ತೆ.

ಇನ್ನೊಂದು ಕಡೆಯವರಿಗೂ ಒಂದು ಮಾತು. ಮಕ್ಕಳ ಹಕ್ಕು ಅಂತ ಹೇಳಿ, ಗಲಾಟೆಯ ಕ್ಲಾಸಿನಲ್ಲಿ ದಿನಾ ಅವಮಾನ ಉಣ್ಣೋ ಶಿಕ್ಷಕರ ಸಂಕಟವನ್ನ ಸಸಾರ ಮಾಡೋದು ಸರಿಯಲ್ಲ. ಕಲಿಯೋಕೆ ಬಂದು ಕಲಿಯಲಾಗದೆ ಹೋಗುವ ಉಳಿದ ಐವತ್ತು ಮಕ್ಕಳಿಗೂ ಹಕ್ಕಿದೆ. ಸೋತು ಹೋದ, ಒಂಟಿಯಾದ ಶಿಕ್ಷಕರೇ ಒಂದು ದಿನ ತಾಳ್ಮೆ ಕಳೆದುಕೊಂಡು ಕೈ ಎತ್ತೋದು. ಮಗುವಿಗೆ ಏಟು ಬೀಳಬಾರದು ಅಂದರೆ ಶಿಕ್ಷಕರಿಗೆ ಆಸರೆ ಬೇಕು.

ಹಾಗಾಗಿ ನಿಮ್ಮ ಊರಿನ ಶಾಲೆಯ ಎಸ್‌ಡಿಎಂಸಿ ಸಭೆ ಮುಂದಿನ ಸಲ ಸೇರಿದಾಗ, ಕಾಂಪೌಂಡಿಗೆ ಬಣ್ಣ ಹೊಡೆಯೋ ವಿಷಯ ಮುಗಿದ ಮೇಲೆ, ಮೂರು ಪ್ರಶ್ನೆ ಕೇಳಿ. ಈ ಶಾಲೆಯಲ್ಲಿ ತಮ್ಮ ತರಗತಿಯ ಪುಸ್ತಕ ಓದಲು ಬಾರದ ಮಕ್ಕಳು ಎಷ್ಟು, ಅವರಿಗೆ ದಿನಕ್ಕೆ ಅರ್ಧ ಗಂಟೆ ಯಾರು ಕೊಡ್ತಿದ್ದಾರೆ? ಈ ವರ್ಷ ಕಣ್ಣು, ಕಿವಿ ತಪಾಸಣೆ ಆಯ್ತಾ, ಪಟ್ಟಿ ಎಲ್ಲಿದೆ? ಕ್ಲಾಸಿನಲ್ಲಿ ಕಷ್ಟ ಆದಾಗ ನಮ್ಮ ಶಿಕ್ಷಕರು ಯಾರ ಹತ್ತಿರ ಹೋಗಿ ಮಾತಾಡಬೇಕು?

ಮೂರನೇ ಪ್ರಶ್ನೆಗೆ ಉತ್ತರ ಬರದಿದ್ದರೆ ಅದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ಬಿಇಒ ಕಚೇರಿಗೆ ಒಂದು ಪ್ರತಿ ಕಳಿಸಿ.